ಲೆಕ್ಕಕ್ಕೆ ಹಿಡಿಯದ ಹೊಸ್ತಿಲು

"ನಿನ್ನ ಕಣ್ಣಾಗ ಬೂದಿ ಬೀಳಲಿ! ಈಗ ನಾ ಕುಂತದ್ದೆಲ್ಲಿ? ಆಕಾಶದಾಗೇನು? ಹೇಳು, ಬಾಯಿ ಐತಿಲ್ಲ?"

"ಹೊಸ್ತಿಲದಾಗ ಕುಂತೀ. ಹೊಸ್ತಿಲಾ ನೆಲ ಅಲ್ಲಂತ ಎಷ್ಟ ಸರತಿ ಹೇಳಬೇಕು ನಿನಗ?"

"ನೆಲ ಅಲ್ಲಂದ್ರ ಮತ್ತೇನು, ಗ್ವಾಡಿಯೇನು? ಗ್ವಾಡಿ ಮ್ಯಾಲ ಕುಂದ್ರಾಕ ನಾ ಹಲ್ಲಿಯೇನು?"

"ಹಲ್ಲಿನಾದ್ರೂ ಹೊತ್ತಿಗೊಮ್ಮೆ ಲೊಚಗುಡತೈತಿ. ನಿನ್ನ ಬಾಯಿಗೆ ಅಷ್ಟೂ ಬಿಡುವಿಲ್ಲ."

ಅತ್ತಿಗೆ ಕೈಯಲ್ಲಿದ್ದ ದಾರದ ಉಂಡೆಯನ್ನು ನನ್ನ ಮೇಲೆ ಎಸೆದಳು. ಅದು ಭುಜಕ್ಕೆ ಬಡಿದು ಮಂಚದ ಕೆಳಗೆ ಉರುಳಿತು. ನಾನು ಬಗ್ಗಿ ಎತ್ತಿ ಅವಳ ಕೈಗೆ ಕೊಟ್ಟೆ. ನಮ್ಮ ಜಗಳ ಯಾವಾಗಲೂ ಹೀಗೆಯೇ. ಎಸೆಯುವ ಕೆಲಸ ಅವಳದು, ಎತ್ತಿ ಕೊಡುವ ಕೆಲಸ ನನ್ನದು, ಬೈಯುವುದರಲ್ಲಿ ಇಬ್ಬರೂ ಸಮ.

ಅವಳ ಹೆಸರು ದ್ಯಾಮವ್ವ. ನನ್ನ ಅಣ್ಣನ ಹೆಂಡತಿ. ಆಗ ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಾನು ಯಮನೂರಪ್ಪ, ಆಗ ಐವತ್ತಕ್ಕೆ ಎರಡು ಕಡಿಮೆ. ಮದುವೆಯಾಗಿಲ್ಲ. ಹೆಣ್ಣು ನೋಡಲು ಹೊರಟರೆ ನನಗಿಂತ ಮೊದಲು ನನ್ನ ಸಿಟ್ಟಿನ ಸುದ್ದಿ ಹೆಣ್ಣಿನ ಮನೆ ಮುಟ್ಟಿರುತ್ತಿತ್ತು. ಅಣ್ಣ ಹೋದ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಹೊರಗಿನ ಪಡಸಾಲೆ ನನ್ನದು, ಒಳಮನೆ ಅವಳದು. ನಡುವಿನ ಬಾಗಿಲಲ್ಲಿ ಕೂತು ಅವಳು ಕೌದಿ ಹೊಲಿಯುತ್ತಿದ್ದಳು. ಬೀದಿಬಾಗಿಲಿನ ಬೆಳಕು ನೇರವಾಗಿ ಬೀಳುವುದು ಅಲ್ಲಿಗೇ. ಹತ್ತು ಊರಿನ ಹಳೆ ಸೀರೆ, ಹಳೆ ಧೋತರದ ತುಂಡುಗಳು ಅವಳ ತೊಡೆಯ ಮೇಲೆ ಕೂಡಿಕೊಳ್ಳುತ್ತಿದ್ದವು.

ನಮ್ಮ ಊರಿನಲ್ಲಿ ಗೋಡೆಗಳು ಬೆಳೆಯುತ್ತವೆ. ಹೊರಕ್ಕೆ ಕೂದಲೆಳೆಯಷ್ಟೂ ಇಲ್ಲ, ಬೆಳೆಯುವುದೆಲ್ಲ ಒಳಕ್ಕೆ. ಒಂದು ವರ್ಷ ಅರ್ಧ ಇಂಚು, ಒಂದು ವರ್ಷ ಒಂದು ಇಂಚು. ಬೀದಿಯಲ್ಲಿ ನಿಂತವನಿಗೆ ಮನೆ ಇದ್ದ ಹಾಗೆಯೇ ಕಾಣುತ್ತದೆ, ಒಳಗಿರುವವನಿಗೆ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಯಾರೂ ಅಗಲವಾದ ಮಂಚ ಮಾಡಿಸುವುದಿಲ್ಲ. ಬಡಿಗೇರರು ಕಪಾಟಿಗೆ ಗಾಲಿ ಹಾಕಿಯೇ ಕೊಡುತ್ತಾರೆ. ಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಕ್ಯಾಲೆಂಡರು, ಕನ್ನಡಿ, ಕೊಡೆ ಎಲ್ಲವನ್ನೂ ಜಂತಿಗೆ ಹಗ್ಗ ಕಟ್ಟಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಳಿಬಿಡುತ್ತೇವೆ. ಅಣ್ಣನ ಫೋಟೋವನ್ನು ಮಾತ್ರ ಅತ್ತಿಗೆ ಹಟ ಹಿಡಿದು ಗೋಡೆಗೇ ಹಾಕಿಸಿದಳು. ತೂಗಾಡುವ ಫೋಟೋ ನೋಡಿದರೆ ಉರುಲು ಹಾಕಿಕೊಂಡವರು ನೆನಪಾಗುತ್ತಾರೆ ಎಂದಳು. ಎರಡು ವರ್ಷದಲ್ಲಿ ಗೋಡೆ ಮೊದಲು ಚೌಕಟ್ಟನ್ನು, ಆಮೇಲೆ ಗಾಜನ್ನು ಮುಚ್ಚಿತು. ಆ ಮೇಲೂ ಪ್ರತಿ ಸೋಮವಾರ ಅವಳು ಬರಿ ಗೋಡೆಯ ಮುಂದೆ ಹೂ ಹಿಡಿದು ನಿಲ್ಲುತ್ತಿದ್ದಳು. ಸಿಕ್ಕಿಸಲು ಏನೂ ಇಲ್ಲದ್ದರಿಂದ ಗೋಡೆಯ ಬುಡದಲ್ಲಿ ಇಟ್ಟು ಬರುತ್ತಿದ್ದಳು.

ನನ್ನ ಕೆಲಸ ಊರ ಕಚೇರಿಯಲ್ಲಿ ಮನೆಗಳ ಒಳನೆಲ ಅಳೆಯುವುದು. ಮೊದಲು ಟೇಪು ಹಿಡಿದು ಮನೆಮನೆ ತಿರುಗುತ್ತಿದ್ದೆ. ಹೋದಲ್ಲಿ ನೀರು ಕೊಡುತ್ತಿದ್ದರು, ಚಹಾ ಕೊಡುತ್ತಿದ್ದರು, ಕೆಲವರು ಬೈಗಳನ್ನೂ ಕೊಡುತ್ತಿದ್ದರು. ಈಗ ಊರಿನ ಎಲ್ಲ ಮನೆಗಳ ನಕ್ಷೆ ಕಂಪ್ಯೂಟರಿನಲ್ಲಿದೆ. ಮನೆಯ ಗೋಡೆ ಬೆಳೆದಷ್ಟು ನಕ್ಷೆಯ ಗೋಡೆಯೂ ಬೆಳೆದಿರುತ್ತದೆ. ಅದನ್ನು ಯಾರೂ ತಿದ್ದಬೇಕಾಗಿಲ್ಲ, ಕೂತು ಅಳೆದರೆ ಸಾಕು. ಕರಿ ಪರದೆ, ಬಿಳಿ ಗೆರೆ. ಮೊದಲು ಸ್ಕೇಲು ಸರಿಯಿದೆಯೇ ನೋಡಬೇಕು. ಗೊತ್ತಿರುವ ಒಂದು ಅಳತೆ ಹಿಡಿಯಬೇಕು. ಮೂರಡಿಯ ಬಾಗಿಲಾದರೆ ಅದರ ಈ ಕೊನೆ ಆ ಕೊನೆ ಒತ್ತಿದಾಗ ಮೂರಡಿಯೇ ಬರಬೇಕು. ಬರಲಿಲ್ಲವೋ, ಮುಂದಿನದೆಲ್ಲ ಸುಳ್ಳು. ಆಮೇಲೆ ಕೋಣೆಯ ಒಳಮೈಯ ಮೂಲೆಗಳನ್ನು ಒಂದೊಂದಾಗಿ ಒತ್ತುತ್ತ ಸುತ್ತು ಬಂದು, ಹೊರಟ ಮೂಲೆಗೇ ಮುಟ್ಟಿ ಗೆರೆ ಮುಚ್ಚಬೇಕು. ಮುಚ್ಚಿದ ಕೂಡಲೇ ಒಳಗೆಲ್ಲ ಹಸಿರು ತುಂಬಿಕೊಂಡು ಅಂಕಿ ಬೀಳುತ್ತದೆ. ಕಂಬವಿದ್ದರೆ ಕಳೆಯಬೇಕು, ಮೆಟ್ಟಿಲಿದ್ದರೆ ಕಳೆಯಬೇಕು. ಹೊಸಬರು ಅವಸರದಲ್ಲಿ ಗೋಡೆಯ ಹೊರಗೆರೆ ಹಿಡಿದುಬಿಡುತ್ತಾರೆ, ಇಲ್ಲದ ನೆಲ ಹುಟ್ಟಿಬಿಡುತ್ತದೆ. ನಾನು ಓದಿದ್ದು ಹಳ್ಳಿ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ. ಮಾಸ್ತರರು ಸಾಲೆಯ ಅಂಗಳವನ್ನು ಹಗ್ಗದಿಂದ ಅಳೆಸುತ್ತಿದ್ದರು, ತಪ್ಪಿದರೆ ಅದೇ ಹಗ್ಗದಿಂದ ಬಾರಿಸುತ್ತಿದ್ದರು. ಉದ್ದ, ಅಗಲ ಅಂದರೆ ಏನೆಂದು ನನ್ನ ಬೆನ್ನಿಗೆ ಗೊತ್ತು. ಆ ಜಗಳದ ದಿನದವರೆಗಿನ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಗೆರೆಯನ್ನೂ ಆಚೀಚೆ ಮಾಡಿದವನಲ್ಲ.

ಇಷ್ಟು ಬಿಗಿ ಯಾಕೆಂದರೆ ಊರ ನೇಮ ಹಾಗಿದೆ. ತಲೆಗೆ ನೂರು ಚದರಡಿ ಒಳನೆಲ ಇರಬೇಕು. ಕಡಿಮೆ ಬಿದ್ದರೆ ಆ ಮನೆಯಿಂದ ಒಬ್ಬರು ಹೊಳೆಯ ಸೇತುವೆ ದಾಟಿ ಹೋಗಬೇಕು. ನಾನು ಚೀಟಿ ಕೊಟ್ಟ ಎಂಟು ದಿನದೊಳಗೆ. ಯಾರು ಹೋಗಬೇಕು ಎಂಬುದನ್ನು ಮನೆಯವರೇ ಗೊತ್ತು ಮಾಡಿಕೊಳ್ಳುತ್ತಾರೆ. ನಾವೆಲ್ಲ ಹೋಗಿ ಬುತ್ತಿ ಕಟ್ಟಿಕೊಡುತ್ತೇವೆ, ಸೇತುವೆಯ ಈ ತುದಿಯವರೆಗೆ ಕಳಿಸಿ ಬರುತ್ತೇವೆ. ಹೋದವರು ಯಾರೂ ತಿರುಗಿ ಬಂದಿಲ್ಲ. ಹೀಗಾಗಿ ನಾನು ಬೀದಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸುತ್ತಾರೆ. ನಮಸ್ಕಾರ ಮಾಡುತ್ತಾರೆ, ಬಾ ಕೂಡು ಎನ್ನುವುದಿಲ್ಲ. ಈ ಊರಿನಲ್ಲಿ ನನ್ನ ಮುಖ ನೋಡಿ ಕೂಗಾಡುತ್ತಿದ್ದವಳು ಅತ್ತಿಗೆ ಒಬ್ಬಳೇ.

ಇನ್ನು ಹೊಸ್ತಿಲಿನ ಮಾತು. ಎರಡು ಕೋಣೆಗಳ ನಡುವೆ ಗೋಡೆಯನ್ನು ಕೊರೆದು ಬಾಗಿಲು ಇಟ್ಟಿರುತ್ತಾರಲ್ಲ, ಆ ಗೋಡೆಯ ದಪ್ಪದಷ್ಟು ಜಾಗಕ್ಕೆ ನಾವು ಹೊಸ್ತಿಲು ಎನ್ನುತ್ತೇವೆ. ಗೋಡೆ ದಪ್ಪವಾದಷ್ಟೂ ಅದು ಆಳವಾಗುತ್ತ ಹೋಗುತ್ತದೆ. ಮನೆಯಲ್ಲಿ ದೊಡ್ಡದಾಗುವ ಜಾಗ ಅದೊಂದೇ. ನೇಮದ ಪುಸ್ತಕದಲ್ಲಿ ಹೊಸ್ತಿಲಿನ ಬಗ್ಗೆ ಏನೂ ಬರೆದಿಲ್ಲ. ಅದು ಆ ಕೋಣೆಗೂ ಸೇರಿದ್ದಲ್ಲ, ಈ ಕೋಣೆಗೂ ಸೇರಿದ್ದಲ್ಲ ಎಂದು ನಾನು ಮೊದಲ ದಿನವೇ ಅದನ್ನು ಲೆಕ್ಕದಿಂದ ಬಿಟ್ಟೆ. ಬಿಟ್ಟದ್ದು ಬಿಟ್ಟೇ ಬಂತು.

ಆ ಜಗಳದ ಮುಂಜಾನೆ ನಾನು ಅತ್ತಿಗೆಗೆ ನಮ್ಮ ಮನೆಯ ಅಂಕಿ ಹೇಳಿದ್ದೆ. ಹಿಂದಿನ ದಿನ ಕಚೇರಿಯಲ್ಲಿ ಮೂರು ಸಲ ಅಳೆದಿದ್ದೆ. ನಮ್ಮಪ್ಪ ಕಟ್ಟಿಸಿದಾಗ ಒಂದಡಿ ಇದ್ದ ಗೋಡೆ ಎರಡಡಿ ಮೂರು ಇಂಚಾಗಿತ್ತು. ಹೋದ ವರ್ಷ ಇನ್ನೂರ ನಾಲ್ಕು ಚದರಡಿ ಇದ್ದ ಒಳನೆಲ ಈ ವರ್ಷ ನೂರ ತೊಂಬತ್ತೆಂಟಕ್ಕೆ ಇಳಿದಿತ್ತು. ಇಬ್ಬರಿಗೆ ಇನ್ನೂರು ಬೇಕು. ಎರಡು ಚದರಡಿ ಕಡಿಮೆ. ಎರಡು ಚದರಡಿ ಎಂದರೆ ಒಬ್ಬ ಮನುಷ್ಯ ಮಂಡಿ ಮಡಚಿ ಕೂರುವಷ್ಟೂ ಇಲ್ಲ.

"ಹೊಸ್ತಿಲಾ ಹಿಡಿದ್ರ ಎಷ್ಟ ಆಗತೈತಿ?" ಎಂದು ಕೇಳಿದ್ದಳು ಅತ್ತಿಗೆ. ಜಗಳ ಶುರುವಾದದ್ದು ಅಲ್ಲಿಂದ.

ಆ ಮಾತು ಹೊಸದಲ್ಲ, ಎರಡು ವರ್ಷದ್ದು. ನಮ್ಮ ಎದುರು ಮನೆಯಲ್ಲಿ ಫಕೀರವ್ವ ಎಂಬವಳಿದ್ದಳು. ಅತ್ತಿಗೆಯ ಗೆಳತಿ. ದಿನಾ ಉಂಡ ಮೇಲೆ ಬಂದು ನಮ್ಮ ಹೊಸ್ತಿಲಲ್ಲಿ ಅತ್ತಿಗೆಯ ಎದುರಿಗೆ ಕೂರುತ್ತಿದ್ದಳು. ಒಬ್ಬಳ ಬೆನ್ನು ಈ ಚೌಕಟ್ಟಿಗೆ, ಇನ್ನೊಬ್ಬಳ ಬೆನ್ನು ಆ ಚೌಕಟ್ಟಿಗೆ. ನಡುವೆ ಒಂದೇ ಕೌದಿ. ಇಬ್ಬರೂ ಎರಡು ಕಡೆಯಿಂದ ಹೊಲಿಯುತ್ತ ನಡುವಿಗೆ ಬರುತ್ತಿದ್ದರು. ನಾನು ಪಡಸಾಲೆಯಲ್ಲಿ ಅಡ್ಡಾಗಿ ಅವರ ಹರಟೆ ಕೇಳುತ್ತಿದ್ದೆ. ಹೆಚ್ಚಾಗಿ ನನ್ನನ್ನೇ ಆಡಿಕೊಳ್ಳುತ್ತಿದ್ದರು. "ನಿನ್ನ ಮೈದುನ ನಿದ್ದ್ಯಾಗೂ ಗಂಟ ಹಾಕ್ಕೊಂಡ ಮಲಗತಾನಲ್ಲ, ಹುಬ್ಬಿಗೆ ಇಸ್ತ್ರಿ ಮಾಡಸಬೇ" ಎನ್ನುತ್ತಿದ್ದಳು ಫಕೀರವ್ವ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ.

ಎರಡು ವರ್ಷದ ಹಿಂದೆ ಫಕೀರವ್ವನ ಮಗನ ಮನೆ ಮೂರು ಚದರಡಿ ಕಡಿಮೆ ಬಿತ್ತು. ಮಗ, ಸೊಸೆ, ಎರಡು ಮಕ್ಕಳು, ಇವಳು. ಯಾರು ಹೋಗಬೇಕೆಂದು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅವಳು ತಾನೇ ಕಚೇರಿಗೆ ಬಂದು ನನ್ನ ಟೇಬಲ್ಲಿನ ಮುಂದೆ ನಿಂತಳು.

"ಯಮನೂರಪ್ಪ, ನಮ್ಮನಿ ಹೊಸ್ತಿಲದಾಗ ಕುಂತು ನಾ ಅಕ್ಕಿ ಹಸನ ಮಾಡೀನಿ, ಮೊಮ್ಮಕ್ಕಳಿಗೆ ಎಣ್ಣಿ ಹಚ್ಚೀನಿ. ಅದು ನೆಲ ಅಲ್ಲೇನೋ ಯಪ್ಪಾ?"

"ಹೊಸ್ತಿಲಾ ದಾಟೂ ಜಾಗ ಬೇ, ಇರೂ ಜಾಗ ಅಲ್ಲ" ಎಂದೆ. ಪರದೆಯಿಂದ ಕಣ್ಣು ಕೂಡ ತೆಗೆಯಲಿಲ್ಲ.

ಅವಳು ತಿರುಗಿ ಹೋದಳು. ಮೂರನೇ ದಿನ ಸೇತುವೆ ದಾಟಿದಳು. ಅವರಿಬ್ಬರು ಹೊಲಿಯುತ್ತಿದ್ದ ಕೌದಿ ಅರ್ಧಕ್ಕೆ ನಿಂತಿತು. ಅತ್ತಿಗೆ ತನ್ನ ಕಡೆಯ ಅರ್ಧ ಮುಗಿಸಿದಳು. ಫಕೀರವ್ವನ ಕಡೆಗೆ ಅವಳು ಚುಚ್ಚಿಟ್ಟು ಹೋದ ಸೂಜಿಯನ್ನು ಹಾಗೆಯೇ ಬಿಟ್ಟಳು. ಆ ಕೌದಿಯನ್ನು ಮಡಚಿ ಹೊಸ್ತಿಲಲ್ಲಿ ಇಟ್ಟುಕೊಂಡು, ಅದಕ್ಕೆ ಬೆನ್ನು ಆನಿಸಿ ಬೇರೆಯವರ ಕೌದಿ ಹೊಲಿಯುತ್ತಿದ್ದಳು. ತಿಂಗಳಿಗೊಮ್ಮೆಯಾದರೂ ಹೊಸ್ತಿಲಿನ ಮಾತು ತೆಗೆಯುತ್ತಿದ್ದಳು. ಇವಳಿಗೆ ಮುಂದೆ ತನ್ನ ಗತಿ ಏನಾಗುವುದೋ ಎಂಬ ಹೆದರಿಕೆ ಹತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ. ನನ್ನ ತಲೆಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ.

ಜಗಳವಾಡಿ ಬಂದವನು ಆ ದಿನ ಕಚೇರಿಯಲ್ಲಿ ನಮ್ಮ ಮನೆಯ ನಕ್ಷೆಯನ್ನು ಮತ್ತೆ ತೆರೆದೆ. ಎರಡು ಹಸಿರು ಚೌಕಗಳು. ನಡುವೆ ದಪ್ಪ ಗೋಡೆ. ಗೋಡೆಯಲ್ಲಿ ಒಂದು ಖಾಲಿ ಜಾಗ, ಮೂರಡಿ ಅಗಲ, ಎರಡಡಿ ಮೂರು ಇಂಚು ಆಳ. ಅದರ ನಾಲ್ಕು ಮೂಲೆ ಒತ್ತಿದೆ. ಆರು ಮುಕ್ಕಾಲು ಚದರಡಿ. ಕೂಡಿಸಿದರೆ ಹೆಚ್ಚುಕಡಿಮೆ ಇನ್ನೂರ ಐದು. ಅಳಿಸಿದೆ. ಮತ್ತೆ ಒತ್ತಿದೆ, ಮತ್ತೆ ಅಳಿಸಿದೆ. ನಕ್ಷೆಯಲ್ಲಿ ಮನುಷ್ಯರು ಕಾಣುವುದಿಲ್ಲ. ಆದರೂ ಆ ಖಾಲಿಯಲ್ಲಿ ಅವಳು ಕೂತ ಹಾಗೆಯೇ ಅನ್ನಿಸಿತು, ಹಲ್ಲಿನಲ್ಲಿ ದಾರ ಕಚ್ಚಿ ಹರಿಯುತ್ತ. ಚೀಟಿ ಹೋದರೆ ಇಬ್ಬರಲ್ಲಿ ಒಬ್ಬರು ಹೊರಡಬೇಕು. ನಾನು ಹೊರಡುತ್ತೇನೆ ಎಂದರೆ ಅವಳು ಒಪ್ಪುವವಳಲ್ಲ, ಅವಳನ್ನು ಹೊರಡು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಎದ್ದು ಸಾಹೇಬರ ಕೋಣೆಗೆ ಹೋದೆ. ನಮ್ಮ ಸಾಹೇಬರು ಗುರುಪಾದಯ್ಯ. ಒಳ್ಳೆಯ ಮನುಷ್ಯರು, ಯಾರ ಜೊತೆಗೂ ಗಟ್ಟಿಯಾಗಿ ಮಾತಾಡಿದವರಲ್ಲ.

"ಸಾಹೇಬ್ರ, ಇನ್ನ ಮ್ಯಾಲೆ ಹೊಸ್ತಿಲಾನೂ ಲೆಕ್ಕಕ್ಕ ಹಿಡಿಯೂಣ್ರಿ" ಎಂದೆ.

"ಎಲ್ಲಾ ಮನಿಗೂ?"

"ಎಲ್ಲಾ ಮನಿಗೂ."

ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ಹಂಗಾದ್ರ ಹ್ವಾದ ವರ್ಷದ್ದೇನು? ಅದರ ಹಿಂದಿನದ್ದೇನು? ಹೊಳಿ ದಾಟಿ ಹ್ವಾದವರ ಮಕ್ಕಳು ನಾಳಿಗೆ ಬಂದು, ಹೊಸ್ತಿಲಾ ನೆಲಾ ಆಗಿದ್ರ ನಮ್ಮವ್ವನ್ನ ಯಾಕ ಕಳಿಸಿದ್ರಿ ಅಂದ್ರ, ನಾ ಏನ ಹೇಳಲಿ? ನೀ ಏನ ಹೇಳತಿ?"

ಉತ್ತರವಿಲ್ಲದಾಗ ನನಗೆ ಬರುವುದು ಸಿಟ್ಟೊಂದೇ. "ನೇಮ ಮಾಡಿದವರು ನೀವ, ಹೇಳಾವ್ರೂ ನೀವ" ಎಂದು ಕೂಗಿದೆ.

"ನೇಮದಾಗ ಹೊಸ್ತಿಲಾ ಎಲ್ಲೈತೋ ಮಾರಾಯ? ಬಿಟ್ಟಾಂವ ನೀನ ಅಲ್ಲ?" ಎಂದರು ಮೆಲ್ಲಗೆ. ಆಮೇಲೆ ಮುಖದ ಮೇಲಿನ ಕನ್ನಡಕ ತೆಗೆದು ಡ್ರಾದಲ್ಲಿಟ್ಟು ಮುಚ್ಚಿದರು. "ನಿನ್ನ ಒಂದ ಮನೀ ಮಾತಾದ್ರ, ನಾ ಇವತ್ತ ಚಾಳೀಸ ಮನ್ಯಾಗ ಮರತ ಬಂದೀನಿ. ಕಾಗದ ತಂದ್ರ ಸಹಿ ಮಾಡತೀನಿ. ಅಂಕಿ ನನಗ ಕಾಣಂಗಿಲ್ಲ."

ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದೆ. ಅವರ ಮೇಲೆ ಸಿಟ್ಟು ಬಂದದ್ದು ನಿಜ. ಟೇಬಲ್ಲಿಗೆ ಬಂದು ಹೊಸ್ತಿಲಿನ ನಾಲ್ಕು ಮೂಲೆ ಒತ್ತಿ ಗೆರೆ ಮುಚ್ಚಿದ್ದೂ ನಿಜ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ ಆ ಜಾಗ ಹಸಿರಾಗಿಯೇ ಉಳಿಯಿತು. ಒಳನೆಲ ಇನ್ನೂರ ಐದು, ತಲೆ ಎರಡು, ಕೊರತೆ ಇಲ್ಲ. ಅದನ್ನೇ ಅಳತೆಯ ಚೀಟಿಗೆ ಬರೆದು ಸಹಿ ಮಾಡಿಸಿದೆ. ಸಾಹೇಬರು ನಿಜವಾಗಿಯೂ ಕಾಗದ ನೋಡಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ನಾನು ಊಟದ ಹೊತ್ತಿಗೆ ಮನೆಗೆ ಹೋಗುವವನಲ್ಲ. ಆ ದಿನ ಹೋದೆ. ದಾರಿಯಲ್ಲಿ ಜಿಲೇಬಿ ಕಟ್ಟಿಸಿಕೊಂಡೆ. ಅಂಗಡಿಯವನು ನನ್ನ ಕೈಗೆ ಪೊಟ್ಟಣ ಕೊಡುವಾಗ, ಯಾರ ಮನೆಗೆ ಎಂದು ಕೇಳುವ ಧೈರ್ಯ ಮಾಡಲಿಲ್ಲ.

ಅತ್ತಿಗೆ ಹೊಸ್ತಿಲಲ್ಲೇ ಇದ್ದಳು. ಚೀಟಿಯನ್ನೂ ಜಿಲೇಬಿಯನ್ನೂ ಅವಳ ತೊಡೆಯ ಮೇಲಿಟ್ಟೆ. ಅವಳಿಗೆ ಓದು ಅಷ್ಟಕ್ಕಷ್ಟೆ, ಅಂಕಿ ಮಾತ್ರ ಚೆನ್ನಾಗಿ ಗೊತ್ತು. ಬೆರಳಿಟ್ಟು ಓದಿದಳು.

"ಇನ್ನೂರ ಐದು ಅಂತ ಐತಿ. ಮುಂಜಾನಿ ನೂರಾ ತೊಂಬತ್ತೆಂಟ ಅಂದಿದ್ದಿ."

"ಹೊಸ್ತಿಲಾ ಹಿಡಿದೆ."

ಅವಳು ತಲೆಯೆತ್ತಿದಳು. ಆ ಮುಖವನ್ನು ನಾನು ಅಣ್ಣನ ಮದುವೆಯ ದಿನ ನೋಡಿದ್ದೆ, ಆಮೇಲೆ ನೋಡಿರಲಿಲ್ಲ. "ಹಿಡಿದ್ಯಾ? ಖರೇನ ಹಿಡಿದ್ಯಾ ಯಮನೂರಿ? ಮನಸ ಮಾಡಿದ್ರ ನೀನೂ ಮನಶ್ಯಾನ ಅದೀ ಬಿಡು. ನಡಿ, ಸೋಮಲಿಂಗಗ ಹೇಳಿ ಬರೂಣು, ನಿಮ್ಮವ್ವನ್ನ ಕರಕೊಂಬಾ ಅಂತ." ಸೋಮಲಿಂಗ ಎಂದರೆ ಫಕೀರವ್ವನ ಮಗ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಅವನಿಗ್ಯಾಕ ಹೇಳತಿ? ಆ ಮನೀದು ಮುಗದ ಹ್ವಾದ ಲೆಕ್ಕ. ಊರ ಉಸಾಬರಿ ನಿನಗ್ಯಾಕ? ನೀ ಇಲ್ಲೆ ಇರತಿ, ಸಾಕಲ್ಲ?"

"ಮತ್ತ ಉಳಿದ ಮನಿಗಳದ್ದು?"

"ಉಳಿದದ್ದು ಮೊದಲಿನಂಗ."

"ಅಂದ್ರ ನಮ್ಮದೊಂದ ಹಿಡಿದಿ."

"ನಮ್ಮದೊಂದ."

ಅವಳು ಚೀಟಿಯನ್ನು ಮತ್ತೊಮ್ಮೆ ನೋಡಿದಳು. ಜಿಲೇಬಿಯ ಪೊಟ್ಟಣವನ್ನು ತೊಡೆಯಿಂದ ತೆಗೆದು ನನ್ನ ಮಂಚದ ಮೇಲಿಟ್ಟಳು. ಎಸೆಯಲಿಲ್ಲ. ಎಸೆದಿದ್ದರೆ ಎತ್ತಿ ಕೊಡುತ್ತಿದ್ದೆ.

"ಎರಡು ವರ್ಷ ನಾ ಬಾಯಿ ಬಡಕೊಂಡದ್ದು ನನ್ನ ಸಲುವಾಗಿ ಅನಕೊಂಡ್ಯಾ?" ಎಂದಳು. ದನಿ ಏರಿರಲಿಲ್ಲ. ಅವಳು ಹಾಗೆ ಸಣ್ಣ ದನಿಯಲ್ಲಿ ಮಾತಾಡಬಲ್ಲಳು ಎಂದೇ ನನಗೆ ಗೊತ್ತಿರಲಿಲ್ಲ. "ಹೊಸ್ತಿಲಾ ದಾಟೂ ಜಾಗ ಅಂದಿ ಆಕಿಗೆ. ಆಕಿ ದಾಟಿದಳು. ಇಲ್ಲಿ ಕುಂತ ನಾ ಹ್ಯಾಂಗ ಉಣ್ಣಲೋ?"

"ನಿನಗ ಬೇಕಾದ್ದು ಮಾಡೀನಿ! ಬೇಡಾದ್ದೂ ಮಾಡೀನಿ! ಇನ್ನೇನ ಮಾಡಲಿ, ಗ್ವಾಡಿ ಕಡೀಲೇನು?" ಎಂದು ಕೂಗಿದೆ. ಮಂಚಕ್ಕೆ ಒದ್ದೆ. ಇಷ್ಟು ಸಣ್ಣ ಕೋಣೆಯಲ್ಲಿ ಒದ್ದ ಮಂಚ ಎಲ್ಲಿಗೂ ಹೋಗುವುದಿಲ್ಲ, ಗೋಡೆಗೆ ಬಡಿದು ಕಾಲಿಗೇ ಬಂತು.

"ನೂರಾ ತೊಂಬತ್ತೆಂಟು ಅಂತ ಬರಿ. ಖರೆ ಇರೂದು ಅದ. ನಿನಗೊಬ್ಬಗ ಬೇಕಾದಷ್ಟಾಗತೈತಿ."

ಅವಳು ಎದ್ದಳು. ಒಂದು ಚೀಲಕ್ಕೆ ಎರಡು ಸೀರೆ ಹಾಕಿಕೊಂಡಳು. ಅರ್ಧ ಹೊಲಿದ ಕೌದಿಯನ್ನು ಸೂಜಿ ಒಳಗೆ ಬರುವ ಹಾಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅಣ್ಣನ ಫೋಟೋ ಇದ್ದ ಗೋಡೆಗೆ ಅಂಗೈ ಆನಿಸಿ ಒಂದು ಗಳಿಗೆ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ರೊಟ್ಟಿ ಬುಟ್ಟ್ಯಾಗ ಅದಾವು, ಪಲ್ಯೆಕ ಉಪ್ಪು ಕಡಿಮಿ ಆಗೇತಿ, ಹಾಕ್ಕೊ" ಎಂದಳು.

"ಎಲ್ಲಿಗೆ ಹೊಂಟಿ? ಎಂಟ ದಿನ ಐತಿ ಇನ್ನ! ಹೋಗೂ ಚೀಟಿನ ಇಲ್ಲ ನಿನಗ!"

"ಫಕೀರವ್ವನ್ನ ಹುಡಕತೀನಿ. ಆಕಿ ಕಡೀದು ಹೊಲಿಗಿ ಉಳದೈತಿ."

ಬೀದಿಗೆ ಇಳಿದಳು. ಬುತ್ತಿ ಇಲ್ಲ, ಕಳಿಸಿಬರಲು ಜನವಿಲ್ಲ. ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಬೀದಿಯ ಕೊನೆಗೆ ಸೇತುವೆ ಕಾಣುತ್ತದೆ. ನಾನು ನಡುಬಾಗಿಲ ಹೊಸ್ತಿಲಲ್ಲಿ ನಿಂತಿದ್ದೆ. ಎರಡೂ ಕಡೆಯ ಗೋಡೆ ನನ್ನ ಭುಜದ ಹತ್ತಿರವಿತ್ತು. ಹೋಗಬೇಡ ಎನ್ನಬೇಕಿತ್ತು. ಅಷ್ಟು ಮಾತು ಹೇಳುವುದಕ್ಕೆ ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಲಿಲ್ಲ. ಬೀದಿಬಾಗಿಲಿಗೆ ಓಡಿಬಂದು, ಊರೆಲ್ಲ ಕೇಳುವಂತೆ ಬಾಯಿಗೆ ಬಂದದ್ದನ್ನು ಕೂಗಿದೆ.

"ಏ, ಹುಚ್ಚಿ! ಬಿಸಲ ಎಷ್ಟೈತಿ ನೋಡು! ಕೊಡಿ ಒಯ್ಯಿ ಕೊಡಿ! ಬಂದು ಒಯ್ಯಿ!"

ಅವಳು ನಿಲ್ಲಲಿಲ್ಲ. ಕೌದಿಯನ್ನು ಕಂಕುಳಿಂದ ತೆಗೆದು ತಲೆಯ ಮೇಲಿಟ್ಟುಕೊಂಡು ಅದರ ನೆರಳಿನಲ್ಲಿ ನಡೆದಳು. ಸೇತುವೆಯ ಮೇಲೆ ಸ್ವಲ್ಪ ಹೊತ್ತು ಆ ಕೌದಿಯ ಕೆಂಪು ತುಂಡೊಂದು ಕಂಡಿತು.

ಆ ಕೊಡೆ ಪಡಸಾಲೆಯ ಜಂತಿಗೆ ಈಗಲೂ ತೂಗುತ್ತಿದೆ. ಆಗ ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಅಂತರವಿತ್ತು. ನಿನ್ನೆ ಅಳೆದೆ, ನಾಲ್ಕು ಬೆರಳು ಉಳಿದಿದೆ.